ಮುದ್ದೆಯೊಳಗೆ ಹೋದ ತಾಳ್ಮೆ ಮಾತ್ರೆ

ವೈದ್ಯಕೀಯ ಸಂಶೋಧನೆಗೆ ನಾನು ಬಂದದ್ದು ಐಸ್ ಕ್ಯಾಂಡಿ ದಾರಿಯಿಂದ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಫಾರ್ಮಸಿ ಓದಿರುತ್ತಾರೆ, ಕೊರಳಲ್ಲಿ ಗುರುತಿನ ಕಾರ್ಡು ನೇತಾಡುತ್ತಿರುತ್ತದೆ, ‘ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್’ ಅಂತ ಉದ್ದನೆಯ ಹೆಸರೂ ಇರುತ್ತದೆ. ನನ್ನದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಪ್ರಯತ್ನಕ್ಕೆ. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಹೆಗಲಿಗೆ ಡಬ್ಬಿ ನೇತುಹಾಕಿಕೊಂಡು ಕ್ಯಾಂಡಿ ಮಾರುತ್ತಿದ್ದವನು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಂಗಡಿಗಳಿಗೆ ಬಸ್ಸಿನ ಮೇಲೆ ಕ್ಯಾಂಡಿ ಕಳಿಸುವಷ್ಟು ಬೆಳೆದಿದ್ದೆ. ಡ್ರೈವರ್, ಕಂಡಕ್ಟರ್ ಎಲ್ಲರೂ ನನ್ನ ಕೈಯಲ್ಲಿದ್ದರು. ಹಾಗಂತ ನಾನು ತಿಳಿದುಕೊಂಡಿದ್ದೆ. ಅವರ ಮಕ್ಕಳು ನನ್ನ ಡಬ್ಬಿ ಖಾಲಿ ಮಾಡುತ್ತಿದ್ದುದನ್ನು ನೋಡಿದರೆ ಯಾರು ಯಾರ ಕೈಯಲ್ಲಿದ್ದರೋ ಹೇಳುವುದು ಕಷ್ಟ.

ಒಂದು ದಿನ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿಂದ ಕರೆ ಬಂತು. ಮಕ್ಕಳ ವಿಭಾಗದ ಡಾಕ್ಟರು ವಿಮಲಾ ಮೇಡಂ ಮೈಸೂರಿನ ಕಡೆಯವರು, ಬೈಯುವಾಗಲೂ ಬಹುವಚನ ಬಿಡದವರು. ನನ್ನನ್ನು ಕೂರಿಸಿ ಕೇಳಿದರು, “ಹಾಲೇಶಪ್ಪ, ಬೇಸಿಗೆಯಲ್ಲಿ ಜಗಳೂರಿನಿಂದ ಇಲ್ಲಿಗೆ ಐಸ್ ಕರಗದ ಹಾಗೆ ತರೋದಕ್ಕೆ ಆಗುತ್ತಾ?”

“ತರಾಕೆ ಏನ್ ಮೇಡಂ, ಯಾವ ಬಣ್ಣದ್ದು ಬೇಕು?”

“ಬಣ್ಣ ಕೆಂಪು. ಮಕ್ಕಳ ರಕ್ತ.”

ಹಾಗೆ ನಾನು ಫೀಲ್ಡ್ ಅಸಿಸ್ಟೆಂಟ್ ಆದೆ. ನನ್ನ ವಿದ್ಯೆ ನೋಡಿ ಅಲ್ಲ, ನನ್ನ ಡಬ್ಬಿ ನೋಡಿ ತೆಗೆದುಕೊಂಡದ್ದು.

ಕಾಯಿಲೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ ಅಂದರೆ ಹೊಟ್ಟೆ ಬಂದ ಸಾಹುಕಾರರಿಗೆ ಬರುವುದು ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದ ಕಾಲ ಅದು. ಮಕ್ಕಳಿಗೆ ಬರುವುದು ಬೇರೆ. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ತಪ್ಪು ತಿಳಿದುಕೊಂಡು, ಇನ್ಸುಲಿನ್ ತಯಾರಿಸುವ ಜೀವಕಣಗಳನ್ನು ಬಡಿದು ಹಾಕುತ್ತವೆ. ಆಮೇಲೆ ಬದುಕಿರುವಷ್ಟು ದಿನ ಇನ್ಸುಲಿನ್ ಹೊರಗಿನಿಂದ ಚುಚ್ಚಬೇಕು, ಬಿಟ್ಟರೆ ಮಗು ಉಳಿಯುವುದಿಲ್ಲ. ಎಂಬತ್ತರ ದಶಕದಲ್ಲಿ ಪರದೇಶದ ಡಾಕ್ಟರುಗಳಿಗೆ ಒಂದು ಆಸೆ ಹುಟ್ಟಿತು. ಕಾಯಿಲೆ ಕಾಣಿಸಿದ ಹೊಸದರಲ್ಲೇ ಆ ಬಿಳಿ ಕಣಗಳನ್ನು ಮಾತ್ರೆ ಕೊಟ್ಟು ಸುಮ್ಮನಾಗಿಸಿದರೆ ಉಳಿದ ಜೀವಕಣಗಳಾದರೂ ಬದುಕಿಯಾವು ಅಂತ. ನಮ್ಮ ಮೇಡಂಗೂ ಅದೇ ಆಸೆ.

ಮೊದಲ ಸಲ ರಕ್ತ ತಂದ ಕಥೆ ಕೇಳಿ. ಜಗಳೂರಿನಲ್ಲಿ ನರ್ಸಮ್ಮ ತುಂಬಿಸಿಕೊಟ್ಟ ಸೀಸೆಗಳನ್ನು ಡಬ್ಬಿಯಲ್ಲಿಟ್ಟೆ. ಐಸ್ ಮಾತ್ರ ಹಾಕಿ ಅಂತ ಮೇಡಂ ಹೇಳಿದ್ದರು. ಬರೀ ಐಸ್ ಹಾಕಲು ನಾನೇನು ಹೊಸಬನೇ? ಕ್ಯಾಂಡಿ ಗಟ್ಟಿಯಾಗಿರಲಿ ಅಂತ ನಾವು ಐಸಿಗೆ ಉಪ್ಪು ಬೆರೆಸುತ್ತೇವೆ, ತಣುಪು ಇನ್ನೂ ಇಳಿಯುತ್ತದೆ. ರಕ್ತದ ಮೇಲಿನ ಪ್ರೀತಿಯಿಂದ ಕೈತುಂಬ ಉಪ್ಪು ಸುರಿದೆ. ಡಬ್ಬಿಯ ಮೇಲೆ ‘ಕ್ಯಾಂಡಿ’ ಅಂತ ಬರೆದದ್ದನ್ನು ಅಳಿಸಿರಲಿಲ್ಲ. ದಾರಿಯ ಸಂತೆ ಊರೊಂದರಲ್ಲಿ ಬೇರೆ ಕೆಲಸಕ್ಕೆ ಇಳಿದರೆ, ಸಂತೆಗೆ ಬಂದ ಮಕ್ಕಳೆಲ್ಲ ನನ್ನ ಹಿಂದೆ. “ಹಾಲೇಶಣ್ಣ, ನಂಗೊಂದು ಕೆಂಪಂದು” ಅಂತ ಒಂದು ಹುಡುಗಿ ಲಂಗ ಹಿಡಿದುಕೊಂಡು ಬಸ್ಸಿನ ಬಾಗಿಲ ತನಕ ಬಂತು.

ಮೇಡಂ ಸೀಸೆ ಎತ್ತಿ ಬೆಳಕಿಗೆ ಹಿಡಿದರು. ರಕ್ತ ಕಲ್ಲಾಗಿತ್ತು. ಕರಗಿದಾಗ ಕಣಗಳೆಲ್ಲ ಒಡೆದು ದಾಸವಾಳದ ಶರಬತ್ತಿನಂತಾಗಿತ್ತು, ಪರೀಕ್ಷೆಗೆ ಬರುವಂತಿರಲಿಲ್ಲ.

“ಇದಕ್ಕೆ ಕಡ್ಡಿ ಒಂದು ಸಿಕ್ಕಿಸಿದ್ದರೆ ಪೂರ್ತಿ ಆಗ್ತಿತ್ತು, ಹಾಲೇಶಪ್ಪನವರೇ” ಅಂದರು.

ಮತ್ತೆ ಅದೇ ಮಕ್ಕಳ ಮನೆಗೆ ಹೋಗಿ ಮತ್ತೆ ಚುಚ್ಚಿಸಲು ನಾನು ಪಟ್ಟ ಪಾಡು ಬೇಡ. ಹೊಸಬರಿಗೆ ನನ್ನ ಮೊದಲ ಮಾತು: ನಿಮಗೆ ಮೊದಲೇ ಬರುವ ವಿದ್ಯೆಯ ಬಗ್ಗೆ ಎಚ್ಚರವಾಗಿರಿ. ಬಾರದ ಕೆಲಸವನ್ನು ಕೇಳಿಕೊಂಡು ಮಾಡುತ್ತೀರಿ. ಬರುವ ಕೆಲಸದಲ್ಲೇ ಉಪ್ಪು ಸುರಿಯುವುದು.

ಮಾತ್ರೆಯ ಪ್ರಯೋಗ ಶುರುವಾಗುವ ಹೊತ್ತಿಗೆ ನಾನು ಪಳಗಿದ್ದೆ. ಅರ್ಧ ಮಕ್ಕಳಿಗೆ ನಿಜವಾದ ಮಾತ್ರೆ, ಅರ್ಧ ಮಕ್ಕಳಿಗೆ ನೋಡಲು ಹಾಗೇ ಇರುವ, ಒಳಗೆ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಅದರ ಗುಟ್ಟು ಔಷಧಿ ವಿಭಾಗದ ಮುಖ್ಯಸ್ಥರ ಬೀರುವಿನಲ್ಲಿ. ಯಾವುದೇ ಮಾತ್ರೆಯಾದರೂ ಇನ್ಸುಲಿನ್ ಎಲ್ಲರಿಗೂ ಇದ್ದೇ ಇತ್ತು. ಇದನ್ನು ಜನರಿಗೆ ಹೇಳಿ ಒಪ್ಪಿಸುವುದು ನನ್ನ ಪಾಲು. ನ್ಯಾಮತಿಯ ಕಿರಾಣಿ ಅಂಗಡಿಯವರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಮುಂದೆ ಕಡ್ಲೆಮಿಠಾಯಿ ಇಟ್ಟು, “ಅದೆಲ್ಲಾ ಸರಿ. ನಮ್ಮ ಹುಡುಗನಿಗೆ ನಿಜವಾದ್ದೇ ಬರೋ ಹಂಗೆ ನೋಡ್ಕಳ್ರಿ” ಅಂದರು.

“ಯಾರಿಗೆ ಯಾವುದು ಅಂತ ನಂಗೇ ಗೊತ್ತಿಲ್ರೀ.”

“ಗೊತ್ತಿಲ್ದೆ ವ್ಯಾಪಾರ ಮಾಡೋರನ್ನ ನಾನಿನ್ನೂ ನೋಡಿಲ್ಲ. ಆಯ್ತು, ಎರಡು ಡಬ್ಬಿ ಕೊಡ್ರಿ, ಒಂದಾದ್ರೂ ನಿಜ ಇರ್ತೈತೆ.”

ನನ್ನ ಬಾಯಲ್ಲಿ ಆಗಲೇ ಕಡ್ಲೆಮಿಠಾಯಿ ಇತ್ತು. ಲೆಕ್ಕ ಅವರದ್ದೇ ಸರಿಯಿದ್ದ ಹಾಗೆ ಕಾಣುತ್ತಿತ್ತು. ತಿಂದು ಮುಗಿಸಿ ಬಂದೆ. ಮನೆಯವರು ಕೊಟ್ಟದ್ದನ್ನು ಮಾತು ಮುಗಿಯುವ ಮುಂಚೆ ಬಾಯಿಗೆ ಹಾಕಬೇಡಿ. ಬಾಯಿ ತುಂಬಿದವನು ಚೌಕಾಸಿ ಮಾಡಲಾರ.

ಇನ್ನು ತಾಳ್ಮೆಯ ವಿಷಯ. ಒಪ್ಪಿಗೆ ಕೇಳುವ ಕಾಗದವನ್ನು ಮೇಡಂ ಯಾರಿಂದಲೋ ಕನ್ನಡಕ್ಕೆ ಮಾಡಿಸಿದ್ದರು. ಅದರಲ್ಲಿ ‘ಪ್ರತಿರಕ್ಷಾ ಸಹಿಷ್ಣುತೆ’ ಅಂತ ಇತ್ತು. ಓದುವಾಗ ನನ್ನ ನಾಲಿಗೆಯೇ ತೊಡರುತ್ತಿತ್ತು. ಹೊನ್ನಾಳಿಯ ಅಜ್ಜಿಯೊಬ್ಬರು, “ಸಂಸ್ಕೃತ ಪೂಜಿಗೆ ಇಟ್ಕಳಪ್ಪ, ಮಗೀಗೆ ಏನ್ ಮಾಡ್ತೀಯ ಅದನ್ ಹೇಳು” ಅಂದುಬಿಟ್ಟರು. ಅವತ್ತಿನಿಂದ ನಾನೇ ಒಂದು ಮಾತು ಕಟ್ಟಿದೆ. “ಮೈಯೊಳಗೆ ಸುಮ್ನೆ ಸಿಟ್ಟು ಮಾಡೋ ಕಣಗಳು ಅದಾವೆ. ಅವಕ್ಕೆ ತಾಳ್ಮೆ ಕಲಿಸೋ ಮಾತ್ರೆ ಇದು.” ಕೇಳಿದವರೆಲ್ಲ ತಲೆಯಾಡಿಸಿದರು. ಮೇಡಂ ಕೂಡ ಮೆಚ್ಚಿಕೊಂಡು, ತಮ್ಮ ವಿದ್ಯಾರ್ಥಿಗಳ ಮುಂದೆ ಅದನ್ನು ಹೇಳಿದರು. ನಾನು ಒಂದಷ್ಟು ದಿನ ನೆಲದ ಮೇಲೆ ನಡೆಯಲಿಲ್ಲ. ಜನರ ಬಾಯಲ್ಲಿ ಕಣವೂ ಮೈಯೂ ಉದುರಿಹೋಗಿ, ಅದು ಬರೀ ‘ತಾಳ್ಮೆ ಮಾತ್ರೆ’ ಆಗಿ ಉಳಿದದ್ದು ನನ್ನ ಗಮನಕ್ಕೆ ಬರಲಿಲ್ಲ.

ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಮಂಜುಳಾ ಅಂತ ಒಬ್ಬ ಹುಡುಗಿ ಇದ್ದಳು, ಪ್ರೈಮರಿ ಶಾಲೆಗೆ ಹೋಗುತ್ತಿದ್ದವಳು. ಬಾಯಾರಿಕೆ, ಸುಸ್ತು ಅಂತ ಬಂದು, ಪ್ರಜ್ಞೆ ತಪ್ಪಿ, ಆಸ್ಪತ್ರೆಯಲ್ಲಿ ಬದುಕಿ ಉಳಿದದ್ದೇ ಹೆಚ್ಚು. ತಂದೆ ತಿಪ್ಪೇಸ್ವಾಮಿ ಊರಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿಯ ಸದ್ದಿಗೆ ಮೀರಿ ಕೂಗಿ ಕೂಗಿ ಅವರ ಮಾತೇ ಜಗಳದ ಹಾಗೆ ಕೇಳುತ್ತಿತ್ತು. ಎಷ್ಟೋ ಸಲ ಅದು ನಿಜವಾಗಿಯೂ ಜಗಳವೇ ಆಗಿರುತ್ತಿತ್ತು. ಮನೆಯಲ್ಲಿ ತಟ್ಟೆ ಲೋಟ ಹಾರುತ್ತಿದ್ದವು. ಸೂಜಿ ಚುಚ್ಚುವುದು, ಗಾಜಿನ ಸಿರಿಂಜು ಕುದಿಸುವುದು, ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ತಣ್ಣಗಿಡುವುದು, ಎಲ್ಲ ತಾಯಿ ರತ್ನಮ್ಮನ ಕೆಲಸ. ಈಗಿನ ಹಾಗೆ ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ಆಗ ಹಳ್ಳಿಯಲ್ಲಿರಲಿಲ್ಲ. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಹಾಕಿ, ಮಗುವಿನ ಮೂತ್ರ ನಾಲ್ಕು ಹನಿ ಬಿಟ್ಟು ಕಾಯಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು ಬಂದರೆ ಅಪಾಯ.

ಮಾತ್ರೆ ಕೊಟ್ಟು ಕೆಲವು ತಿಂಗಳಾದ ಮೇಲೆ ಮಂಜುಳಾಳ ನಳಿಕೆ ನೀಲಿಗೇ ನಿಂತಿತು. ಇನ್ಸುಲಿನ್ ಇಳಿಸುತ್ತಾ ಬಂದರು. ಮೊದಲಿನದರಲ್ಲಿ ಒಂದು ಚೂರಿಗೇ ಸಕ್ಕರೆ ಹಿಡಿತದಲ್ಲಿತ್ತು. ಹುಡುಗಿ ಮೈ ತುಂಬಿಕೊಂಡಳು. ಮೇಡಂ ಬಾಯಿಬಿಟ್ಟು ಹೇಳದಿದ್ದರೂ, ಬಿಳಿಚೋಡಿನ ಸುದ್ದಿ ಬಂದಾಗಲೆಲ್ಲ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಡಾಕ್ಟರುಗಳ ದೊಡ್ಡ ಸಭೆಯಲ್ಲಿ ಈ ಹುಡುಗಿಯ ಬಗ್ಗೆ ಮಾತಾಡುವವರಿದ್ದರು.

ಅಷ್ಟರಲ್ಲಿ ನಾನು ಮಾತ್ರೆ ಕೊಡಲು ಬಿಳಿಚೋಡಿಗೆ ಹೋದೆ. ರತ್ನಮ್ಮ ಒಲೆ ಮುಂದೆ ಕೋಲು ಹಿಡಿದು ಮುದ್ದೆ ತೊಳಸುತ್ತಿದ್ದರು.

“ಹಾಲೇಶಣ್ಣ, ಒಂದು ಕೇಳ್ತೀನಿ, ಬೈಬ್ಯಾಡ್ರಿ. ದೊಡ್ಡೋರಿಗಾದ್ರೆ ದಿನಕ್ಕೆ ಎರಡು ಕೊಡಬಹುದಾ?”

“ಏನನ್ನ?”

“ತಾಳ್ಮೆ ಮಾತ್ರೆ. ಒಂದು ಸಾಲ್ತಿಲ್ಲ ಅನ್ಸುತ್ತೆ. ಮಂಗಳವಾರ ಮತ್ತೆ ಕೂಗಾಡಿದ್ರು.”

ಕೊಡಲು ತಂದ ಮಾತ್ರೆ ಡಬ್ಬಿಯನ್ನು ಮತ್ತೆ ಚೀಲಕ್ಕೆ ಇಳಿಸಿದೆ. “ರತ್ನಮ್ಮ, ಮಾತ್ರೆ ಮಂಜುಳಾಗೆ ಕೊಟ್ಟಿದ್ದಲ್ಲೇನ್ರೀ?”

“ಅವಳಿಗ್ಯಾಕ್ರೀ ತಾಳ್ಮೆ? ದಿನಾ ಎರಡೊತ್ತು ಸೂಜಿ ಚುಚ್ಚಿಸ್ಕಂಡ್ರೂ ಕೂಗ್ದಿರೋ ಮಗಿ. ತಾಳ್ಮೆ ಇಲ್ದೋರು ಈ ಮನೇಲಿ ಬ್ಯಾರೆ ಅದಾರೆ.”

“ಅವರು ನುಂಗ್ತಾರಾ?”

“ಕೈಯಾಗೆ ಕೊಟ್ರೆ ನುಂಗ್ತಾರಾ? ಮೊದಲ್ನೇ ತುತ್ತಿನ ಮುದ್ದಿಯಾಗೆ ಇಡ್ತೀನಿ.”

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ಹಾಗೇ ನುಂಗುತ್ತೇವೆ. ಮಾತ್ರೆ ಅಡಗಿಸಲು ಅದಕ್ಕಿಂತ ಒಳ್ಳೆಯ ಜಾಗ ಜಗತ್ತಿನಲ್ಲಿ ಇಲ್ಲ. ಮೊದಲಿನಿಂದ ಕೊನೆಯವರೆಗೆ ಒಂದು ಮಾತ್ರೆಯೂ ಹುಡುಗಿಯ ಬಾಯಿಗೆ ಹೋಗಿರಲಿಲ್ಲ.

“ಗುಣ ಕಂಡೈತಾ?” ಅಂತ ಕೇಳಿದೆ. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

“ಕಂಡೈತೆ. ಮುಂಚೆ ಅವರು ಒಳಗೆ ಬಂದ್ರೆ ನಾನು ಹಿತ್ಲಿಗೆ ಹೋಗ್ತಿದ್ದೆ. ಈಗ ಮಾತ್ರೆ ಹೋಗೈತಲ್ಲ ಅಂತ ಧೈರ್ಯವಾಗಿ ಎದುರಿಗೆ ಕೂತು ಮಾತಾಡ್ತೀನಿ. ಅವರೂ ಮಾತಾಡ್ತಾರೆ. ಲೋಟ ಬೀಸಿ ಒಗ್ದು ಭಾಳ ದಿನಾತು.”

ಆಮೇಲೆ ಆಕೆ ಹೇಳಿದ ಮಾತಿಗೆ ನನ್ನ ನಗು ಒಣಗಿತು. ಮಾತ್ರೆಯಿಂದ ಮಗಳಿಗೆ ಪೂರ್ತಿ ವಾಸಿಯಾಗಿದೆ ಅಂತ ತಿಪ್ಪೇಸ್ವಾಮಿ ತೀರ್ಮಾನ ಮಾಡಿದ್ದರು. ಸೂಜಿ ಹುಡುಗಿ ಅಂತ ಊರಲ್ಲಿ ಹೆಸರು ಬೀಳುತ್ತದೆ, ಬರುವ ಸೋಮವಾರದಿಂದ ಸೂಜಿ ಬೇಡ ಅಂದಿದ್ದರು. ರತ್ನಮ್ಮ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಮಾತ್ರೆಯ ಕಥೆ ಹೊರಗೆ ಬರುತ್ತಿತ್ತು.

ಕಾಲೇಜಿಗೆ ಓಡಿದೆ. ಮೇಡಂ ಎಲ್ಲವನ್ನೂ ಕೇಳಿದರು. “ನನ್ನ ಅತ್ಯುತ್ತಮ ಕೇಸು ಮುದ್ದೆಯೊಳಗೆ ಹೋಯ್ತು, ಹಾಲೇಶಪ್ಪ” ಅಂದರು. ಆಮೇಲೆ ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು. ಇನ್ಸುಲಿನ್ ಶುರು ಮಾಡಿದ ಹೊಸದರಲ್ಲಿ ಕೆಲವು ಮಕ್ಕಳಿಗೆ ಯಾವ ಔಷಧಿಯೂ ಇಲ್ಲದೆ ಹೀಗೆ ಆಗುತ್ತದಂತೆ. ಅಳಿದುಳಿದ ಜೀವಕಣಗಳು ಸುಧಾರಿಸಿಕೊಂಡು ಒಂದಷ್ಟು ಕಾಲ ಕೆಲಸ ಮಾಡುತ್ತವೆ, ಆಮೇಲೆ ಅವೂ ಹೋಗುತ್ತವೆ. ಆಗ ಸೂಜಿ ಇಲ್ಲದಿದ್ದರೆ ಹುಡುಗಿ ಮತ್ತೆ ಆಸ್ಪತ್ರೆ ತಲುಪುತ್ತಾಳೋ ಇಲ್ಲವೋ. “ಮೊದಲು ಸೂಜಿ ನಿಲ್ಲದ ಹಾಗೆ ನೋಡಿ. ಎರಡನೇದು, ಅವರಪ್ಪನ ರಕ್ತ ತನ್ನಿ. ನಿಜವಾದ ಮಾತ್ರೆಯಾಗಿದ್ದರೆ ಅವರ ಬಿಳಿ ಕಣಗಳು ಕಡಿಮೆಯಾಗಿರುತ್ತವೆ. ಬೀರುವಿನ ಗುಟ್ಟು ಒಡೆಸುತ್ತೇನೆ, ಆದರೆ ಔಷಧಿ ವಿಭಾಗದ ಮುಖ್ಯಸ್ಥರು ಊರಲ್ಲಿಲ್ಲ.”

ಬಸ್ಸಿನಲ್ಲಿ ಕೂತು, ರತ್ನಮ್ಮನ ಗುಟ್ಟು ಹೊರಬೀಳದ ಹಾಗೆ ಒಳ್ಳೆಯ ಸುಳ್ಳೊಂದು ಹೊಸೆದೆ. ಮಕ್ಕಳ ಕಾಯಿಲೆಗೆ ತಂದೆಯ ರಕ್ತವನ್ನೂ ನೋಡುವುದು ಹೊಸ ನಿಯಮ, ವಾಸಿಯಾದ ಮಕ್ಕಳಿಗೂ ಸೂಜಿ ಕೊಡುವುದು ಸರ್ಕಾರದ ಆಜ್ಞೆ, ಹೀಗೆ. ನನಗೇ ನಂಬಿಕೆ ಬರುವಷ್ಟು ಚೆನ್ನಾಗಿತ್ತು. ಜಗಳೂರಿನ ನರ್ಸಮ್ಮನನ್ನೂ ಜೊತೆಗೆ ಕರೆದುಕೊಂಡೆ.

ಗಿರಣಿ ಭರದಿಂದ ನಡೆಯುತ್ತಿತ್ತು. ಹೆಂಗಸರು ಜೋಳ ರಾಗಿ ಡಬ್ಬಿ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ತಿಪ್ಪೇಸ್ವಾಮಿಯ ರೆಪ್ಪೆಯ ತನಕ ಹಿಟ್ಟು. ನಾನು ನನ್ನ ಸುಳ್ಳನ್ನು ಕೂಗಿ ಹೇಳಿದೆ. ಅವರು ಕಿವಿ ಕೊಟ್ಟು, “ಏನು? ಯಾರ ರಕ್ತ?” ಅಂತ ಕೂಗಿದರು. ಮತ್ತೆ ಕೂಗಿದೆ. ಕೂಗಿ ಹೇಳಿದರೆ ಸುಳ್ಳು ಎಷ್ಟು ಬಡವಾಗಿ ಕಾಣುತ್ತದೆ ಅಂತ ಅವತ್ತು ಗೊತ್ತಾಯಿತು.

“ಆಜ್ಞೆ ಕಾಗದ ಎಲ್ಲೈತೆ, ತೋರಿಸ್ರಿ.”

ಕಾಗದ ಎಲ್ಲಿಂದ ತರಲಿ? ಆ ಹೊತ್ತಿಗೆ ರತ್ನಮ್ಮ ಬಾಗಿಲಿಗೆ ಬಂದು ನಿಂತಿದ್ದರು. ನಾನು ಊರಿಗೆ ಬಂದದ್ದು ತಿಳಿದು ಬಂದಿದ್ದರು. ಗಂಡನ ಹತ್ತಿರ ಬಂದು ಏನೋ ಹೇಳಿದರು. ಅವರಿಗೆ ಕೇಳಿಸಲಿಲ್ಲ. ತಿಪ್ಪೇಸ್ವಾಮಿ ಸ್ವಿಚ್ಚು ಆರಿಸಿದರು. ಗಿರಣಿಯ ಬೆಲ್ಟು ಪಟಪಟ ಅಂತ ನಿಧಾನವಾಗಿ ನಿಂತಿತು.

“ಏನೇ ಅಂದೆ?”

“ಮಾತ್ರೆ ಮಂಜಿ ನುಂಗಿಲ್ಲ. ನೀವು ನುಂಗಿದ್ದು. ದಿನಾ ನಿಮ್ಮ ಮುದ್ದಿಯಾಗೆ ನಾನೇ ಇಡ್ತಿದ್ದೆ.”

ಸಾಲಿನಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಡಬ್ಬಿಯ ಮೇಲೆ ಕೈ ಇಟ್ಟರು. ಏನಾದರೂ ಹಾರಿ ಬಂದರೆ ಹಿಟ್ಟು ಚೆಲ್ಲಬಾರದಲ್ಲ.

ತಿಪ್ಪೇಸ್ವಾಮಿ ಸ್ವಿಚ್ಚು ಮತ್ತೆ ಹಾಕಿದರು. ಗಿರಣಿ ಹೊಡೆದುಕೊಂಡಿತು. ಕಾಳು ಹಾಕಲಿಲ್ಲ. ಬರಿ ಕಲ್ಲು ತಿರುಗಿದರೆ ಕಲ್ಲು ಹಾಳು ಅಂತ ಕೆಲಸದವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಮನುಷ್ಯ, ಬರಿ ಕಲ್ಲು ತಿರುಗಲು ಬಿಟ್ಟು ಗೋಡೆ ಕಡೆ ಮುಖ ಮಾಡಿ ನಿಂತರು. ರತ್ನಮ್ಮ ಅಲುಗಲಿಲ್ಲ. ಮುಂಚಿನ ಹಾಗೆ ಹಿತ್ತಿಲ ಕಡೆ ಓಡಲೂ ಇಲ್ಲ. ನನ್ನ ಕೈಯಲ್ಲಿ ರಕ್ತದ ಡಬ್ಬಿ ಇತ್ತು. ಮುಖಕ್ಕೆ ಅಡ್ಡ ಹಿಡಿಯಲು ಸಾಕಾದೀತೇ ಅಂತ ನಾನು ಅಳತೆ ನೋಡುತ್ತಿದ್ದೆ.

ಗಿರಣಿ ಮತ್ತೆ ನಿಂತಿತು.

“ಹಂಗಾರೆ ಹುಡುಗಿಗೆ ವಾಸಿ ಆಗಿದ್ದು ಹೆಂಗೆ?” ನನ್ನನ್ನೇ ಕೇಳಿದರು.

ಹೊಸೆದು ತಂದ ಸುಳ್ಳು ಆ ಪ್ರಶ್ನೆಗೆ ಒದಗಲಿಲ್ಲ. “ಆಗಿಲ್ಲ ತಿಪ್ಪೇಸ್ವಾಮಿಯೋರೆ. ಒಳಗೆ ಅಷ್ಟಿಷ್ಟು ಉಳಿದಿರೋದು ಈಗ ಕೆಲಸ ಮಾಡ್ತೈತೆ. ಅದೂ ನಿಲ್ತೈತೆ.”

“ಯಾವಾಗ?”

“ಡಾಕ್ಟರಮ್ಮಗೂ ಗೊತ್ತಿಲ್ಲ. ಅದು ನಿಂತಾಗ ಸೂಜಿ ಇಲ್ದಿದ್ರೆ, ಅವತ್ತು ಎತ್ಕಂಡು ಓಡಿದ್ರಲ್ಲ, ಹಂಗೇ ಆಗ್ತೈತೆ. ಅದಕ್ಕಿಂತ ಜೋರಾಗಿ.”

ಅವರು ಹೆಂಡತಿಯನ್ನು ನೋಡಿದರು. “ಸೋಮವಾರ ನಾನು ನಿಲ್ಲಿಸ್ತಿದ್ದೆ. ನೀನು ಸುಮ್ನಿದ್ಯಲ್ಲ.”

“ಸುಮ್ನಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?” ಅಂದರು ರತ್ನಮ್ಮ.

ತಿಪ್ಪೇಸ್ವಾಮಿ ಹಿಟ್ಟಿನ ತೋಳು ಒರೆಸಿ ನರ್ಸಮ್ಮನ ಮುಂದೆ ಚಾಚಿದರು. ರಕ್ತ ತೆಗೆಯುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. “ನಮ್ಮ ಹುಡುಗಿಗೆ ದಿನಾ ಹಿಂಗೇ ನೋಯ್ತೈತಾ?” ಅಂದರು.

ಮಾರನೇ ವಾರ ಮುಖ್ಯಸ್ಥರು ಬಂದ ಮೇಲೆ ಮೇಡಂ ಬೀರು ತೆಗೆಸಿದರು. ಬಿಳಿಚೋಡಿನ ಡಬ್ಬಿಯಲ್ಲಿ ಇದ್ದದ್ದು ಔಷಧಿ ಇಲ್ಲದ ಮಾತ್ರೆ. ಬರೀ ಹಿಟ್ಟು. ತಿಪ್ಪೇಸ್ವಾಮಿಯ ರಕ್ತವೂ ಸರಿಯಿತ್ತು. ಈ ಸುದ್ದಿ ಹೇಳಲು ಹೋದಾಗ ನಾನು ಬಾಗಿಲಿಗೆ ಹತ್ತಿರವಾಗಿ ನಿಂತುಕೊಂಡೆ.

ತಿಪ್ಪೇಸ್ವಾಮಿ ಕೈಯ ಹಿಟ್ಟು ಕೊಡವಿದರು. “ಹಿಟ್ಟಿನ ಗಿರಣಿ ಇಟ್ಟೋನಿಗೇ ಹಿಟ್ಟಿನ ಗುಳಿಗೆ ತಿನ್ಸಿದ್ರಾ? ನಮ್ಮಲ್ಲೇ ಬೀಸಿಸ್ಕಂಡಿದ್ರೆ ನುಣ್ಣಗೆ ಬೀಸಿ ಕೊಡ್ತಿದ್ನಲ್ರೀ.” ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ರತ್ನಮ್ಮನಿಗೆ ಆಮೇಲೆ ನನ್ನ ಮಾತ್ರೆ ಬೇಕಾಗಲಿಲ್ಲ. ಎದುರಿಗೆ ಕೂತು ಮಾತಾಡುವುದು ಅಷ್ಟರಲ್ಲಿ ಆಕೆಗೆ ಅಭ್ಯಾಸವಾಗಿತ್ತು.

ಮಂಜುಳಾಳ ಹೆಸರನ್ನು ಮೇಡಂ ಪ್ರಯೋಗದ ಲೆಕ್ಕದಿಂದ ಬೇರೆಯಾಗಿ ಇಟ್ಟು, ಯಾಕೆ ಅಂತ ಒಂದು ಸಾಲು ಬರೆದರು. ನಿಜವಾದ ಮಾತ್ರೆ ನುಂಗಿದ ಮಕ್ಕಳಲ್ಲೂ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೇಡಂ ಆ ಕಡತ ಕಟ್ಟಿಟ್ಟು, ಮರುದಿನ ಬೇರೆ ಮಾತ್ರೆಯ ಬಗ್ಗೆ ಓದಲು ಶುರು ಮಾಡಿದರು. ನಾನು ಕಲಿತದ್ದು ಇಷ್ಟು: ಮನೆಗಳಿಗೆ ಹೋದಾಗ ಮಾತ್ರೆ ಮುಗಿಯಿತಾ ಅಂತ ಕೇಳಬೇಡಿ. ಯಾರು ನುಂಗಿದರು ಅಂತ ಕೇಳಿ. ನಿಮ್ಮ ಬಾಯಿಂದ ಹೊರಟ ಒಳ್ಳೆಯ ಮಾತನ್ನು ಅವರ ಬಾಯಿಂದ ಒಮ್ಮೆ ಹೇಳಿಸಿ ಕೇಳಿ, ನಿಮಗೇ ಗುರುತು ಸಿಗದಷ್ಟು ಬದಲಾಗಿರುತ್ತದೆ.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಬಿಳಿಚೋಡಿಗೆ ಹೋದೆ. ಮನೆಯ ಜಗುಲಿಯ ಮೇಲೆ ಸ್ಪಿರಿಟ್ ದೀಪ ಉರಿಯುತ್ತಿತ್ತು. ನಳಿಕೆಯಲ್ಲಿ ಇಟ್ಟಿಗೆ ಕೆಂಪು. ಅಳಿದುಳಿದ ಜೀವಕಣಗಳೂ ಕೈಬಿಟ್ಟಿದ್ದವು. ರತ್ನಮ್ಮ ಅಣ್ಣನ ಮನೆಗೆ ಹೋಗಿದ್ದರು, ಸೂಜಿ ಚುಚ್ಚುವುದನ್ನು ಗಂಡನಿಗೆ ಕಲಿಸಿಟ್ಟೇ ಹೋಗಿದ್ದರು. ಕೆಂಪು ಬಂದರೆ ಎಷ್ಟು ಏರಿಸಬೇಕು ಅಂತ ಮೇಡಂ ಮೊದಲೇ ಹೇಳಿಕೊಟ್ಟಿದ್ದರು. ತಿಪ್ಪೇಸ್ವಾಮಿ ಸಿರಿಂಜನ್ನು ಬೆಳಕಿಗೆ ಹಿಡಿದು ಗೀಟು ನೋಡಿದರು, ನನಗೂ ತೋರಿಸಿದರು, ಮತ್ತೆ ತಾವೇ ನೋಡಿದರು. ಅರ್ಧ ಊರಿಗೆ ಕೇಳುವ ಹಾಗೆ ಮಾತಾಡುವ ಮನುಷ್ಯ ಪಿಸುಗುಟ್ಟುತ್ತಾ ಗೀಟು ಎಣಿಸುತ್ತಿದ್ದರು.

ಮಂಜುಳಾ ಪಾಟಿಚೀಲ ಹೆಗಲಿಗೆ ಹಾಕಿಕೊಂಡೇ ತೊಡೆ ಮುಂದಿಟ್ಟು ಕೂತಿದ್ದಳು.

“ಅಪ್ಪಾ, ಬೇಗ ಚುಚ್ಚು. ಪ್ರಾರ್ಥನೆಗೆ ಹೊತ್ತಾತು.”